ಪದಚರ್ಚೆ: ‘ಚಾರಿಟಬಲ್ ಗೇಮಿಂಗ್’ಗೆ ಕನ್ನಡದಲ್ಲಿ ಏನನ್ನೋದು? ಶನಿವಾರದೊಳಗೆ ಬೇಕು

ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಒಂದು ವಾರಪತ್ರಿಕೆಗೆ ಲೇಖನ ಅನುವಾದ ಮಾಡುತ್ತಿದ್ದೇನೆ. ಅಮೆರಿಕದ ಕಂಪನಿಯೊಂದು ತನ್ನ ‘ಎಲೆಕ್ಟ್ರಾನಿಕ್ ಚಾರಿಟಬಲ್ ಗೇಮಿಂಗ್’ ವ್ಯವಹಾರವನ್ನು ‘ನ್ಯೂಲಿ ರೆಗ್ಯುಲೇಟೆಡ್ ಮಾರ್ಕೆಟ್’ ಒಂದಕ್ಕೆ ಒಯ್ಯುವ ಕಥೆ. ಅದರ ಸಾಫ್ಟ್‌ವೇರ್ ಬರೆದವರಲ್ಲಿ ಹಾಸನದಲ್ಲೇ ಎಂಜಿನಿಯರಿಂಗ್ ಓದಿದ ಹುಡುಗಿಯೊಬ್ಬಳು ಇದ್ದಾಳೆ. ಪತ್ರಿಕೆಯವರಿಗೆ ಅದಕ್ಕೇ ಆಸಕ್ತಿ.

ವಿಷಯ ಇಷ್ಟು. ಅಲ್ಲಿ ಮಾಜಿ ಸೈನಿಕರ ಸಂಘ, ಚರ್ಚು, ಊರಿನ ಹಾಕಿ ಕ್ಲಬ್ಬು ಇಂಥವು ಬಿಂಗೊ ಆಡಿಸಿ, ಪುಲ್‌ಟ್ಯಾಬ್ ಅನ್ನುವ ಚೀಟಿ ಮಾರಿ ದುಡ್ಡು ಎತ್ತುತ್ತವೆ. ಬಹುಮಾನ, ಖರ್ಚು, ತೆರಿಗೆ ಕಳೆದು ಉಳಿದದ್ದು ಸಂಘದ ಒಳ್ಳೆ ಕೆಲಸಕ್ಕೆ. ಈಗ ಕಾಗದದ ಚೀಟಿಯ ಜೊತೆಗೆ ಟ್ಯಾಬ್ಲೆಟ್ ಕಂಪ್ಯೂಟರ್ ಬಂದಿದೆ. ಮಿನ್ನೆಸೋಟ ರಾಜ್ಯದಲ್ಲಿ 2012ರಲ್ಲಿ, ನಾರ್ತ್ ಡಕೋಟದಲ್ಲಿ 2018ರಲ್ಲಿ. ಒಹಾಯೊದಲ್ಲಿ 2021ರ ಕೊನೆಗೆ ಕಾನೂನು ಆಯಿತು. ಅಲ್ಲಿ ಮಾಜಿ ಸೈನಿಕರ ಸಂಘಗಳು ಮತ್ತು ಸೋದರ ಸಂಘಗಳಿಗೆ (‘ಫ್ರೆಟರ್ನಲ್’ ಅನ್ನುವ ಸದಸ್ಯರ ಕ್ಲಬ್ಬುಗಳು) ಮಾತ್ರ ಅವಕಾಶ.

ನಾನು ಸದ್ಯಕ್ಕೆ ಬರೆದಿಟ್ಟಿರೋದು ‘ವಿದ್ಯುನ್ಮಾನ ದತ್ತಿ ಆಟ’, ‘ಹೊಸದಾಗಿ ನಿಯಂತ್ರಿತವಾದ ಮಾರುಕಟ್ಟೆ’. ಓದಿದರೆ ನನಗೇ ಏನೂ ತಿಳಿಯುವುದಿಲ್ಲ. ಸಂಪಾದಕರು ‘ಜೂಜು’ ಬೇಡ ಅಂತಿದ್ದಾರೆ. ದಯವಿಟ್ಟು ಬೇಗ ಹೇಳಿ.

ಕಡೂರಿನಿಂದ

ದತ್ತಿ ಜೂಜು. ಮುಗೀತು.

ಅರಸೀಕೆರೆಯಿಂದ

ದತ್ತಿಯೂ ಸಂಸ್ಕ್ರುತ, ವಿದ್ಯುನ್ಮಾನವೂ ಸಂಸ್ಕ್ರುತ. ಜೂಜು ಕೂಡ ‘ದ್ಯೂತ’ದಿಂದ ಬಂದದ್ದು, ಅದೂ ನಮ್ಮದಲ್ಲ. ಕನ್ನಡಕ್ಕೆ ಅದರದೇ ಪದ ಇದೆ: ನೆತ್ತ. ಪಂಪನಲ್ಲಿ ಬಾನುಮತಿ ಕರ್ಣನ ಜೊತೆ ಆಡೋದು ನೆತ್ತವನ್ನೇ. ಎಲೆಕ್ಟ್ರಾನಿಕ್‌ಗೆ ಮಿಂಚಿನ ‘ಮಿನ್’ ಸೇರಿಸಿದರೆ ಮಿನ್ನೆತ್ತ. ಚಾರಿಟಿಗೆ ಕೊಡುಗೆ. ಆದ್ದರಿಂದ ‘ಕೊಡುಗೆಯ ಮಿನ್ನೆತ್ತ’. ಚೀಟಿಗೆ ಮಿಂಚೀಟಿ. ಇಮೇಲಿಗೆ ಮಿಂಚೆ, ಇಂಟರ್ನೆಟ್ಟಿಗೆ ಮಿಂಬಲೆ ಒಪ್ಪಿದವರು ಇದನ್ನೂ ಒಪ್ಪುತ್ತಾರೆ.

ಕಡೂರಿನಿಂದ

ಭಾನುಮತಿಗೆ ಮಹಾಪ್ರಾಣ ಇದೆ.

ಮೂಡಿಗೆರೆಯಿಂದ

ಮೇಡಂ, ಮೊದಲು ವಸ್ತು ನೋಡೋಣ, ಆಮೇಲೆ ಪದ. ಈ ಪುಲ್‌ಟ್ಯಾಬ್ ನಮಗೆ ಹೊಸದೇನಲ್ಲ. ಪೆಟ್ಟಿಗೆ ಅಂಗಡಿಯಲ್ಲಿ ಒಂದು ರಟ್ಟು ನೇತು ಹಾಕಿರುತ್ತಿದ್ದರಲ್ಲ, ಅದರ ತುಂಬ ಮಡಿಸಿದ ಪುಟ್ಟ ಪುಟ್ಟ ಚೀಟಿ ಅಂಟಿರುತ್ತಿತ್ತು. ಮೇಲುಗಡೆ ಬಹುಮಾನ: ಬಲೂನು, ಪೀಪಿ, ಪ್ಲಾಸ್ಟಿಕ್ ವಾಚು. ಕಾಸು ಕೊಟ್ಟು ಒಂದು ಚೀಟಿ ಹರಿಯೋದು, ಬಿಡಿಸೋದು, ಒಳಗಿನ ನಂಬರು ನೋಡೋದು. ವಾಚು ಯಾರಿಗೋ ಹೋಯಿತು ಅಂದರೆ ಆ ರಟ್ಟಿಗೆ ಮತ್ತೆ ಯಾರೂ ಕೈ ಹಾಕುತ್ತಿರಲಿಲ್ಲ. ಯಾಕೆಂದರೆ ಚೀಟಿ ಇಷ್ಟೇ, ಗೆಲ್ಲುವ ಚೀಟಿ ಇಷ್ಟೇ ಅಂತ ಮೊದಲೇ ತೀರ್ಮಾನ ಆಗಿರುತ್ತದೆ.

ಅಮೆರಿಕದ ಚೀಟಿಯ ಜೀವಾಳವೂ ಅದೇ. ಟ್ಯಾಬ್ಲೆಟ್ಟಿಗೆ ಬಂದ ಮೇಲೂ ಒಳಗೆ ಎಣಿಸಿಟ್ಟ ಚೀಟಿಗಳೇ ಇರುತ್ತವೆ, ಒಂದೊಂದಾಗಿ ಖರ್ಚಾಗುತ್ತವೆ. ಸ್ಲಾಟ್ ಮೆಷಿನ್ ಬೇರೆ. ಅದರಲ್ಲಿ ಪ್ರತಿ ಸಲ ಗುಂಡಿ ಒತ್ತಿದಾಗಲೂ ಹೊಸ ಲೆಕ್ಕ, ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧ ಇಲ್ಲ. ಮಿನ್ನೆಸೋಟದಲ್ಲಿ ದೊಡ್ಡ ಜಗಳ ಆಗಿದ್ದು ಇದೇ ವಿಷಯಕ್ಕೆ. ಒಂದೇ ಒತ್ತಿಗೆ ಚೀಟಿಯ ಎಲ್ಲ ಕಿಟಕಿಯೂ (ಒಳಗಿನ ಚಿಹ್ನೆ ಮುಚ್ಚಿರುವ ಪಟ್ಟಿಗಳು) ತೆರೆದುಕೊಳ್ಳುವ ಹಾಗೆ ಮಾಡಿದರೆ ಅದು ಸ್ಲಾಟ್ ಮೆಷಿನ್ನೇ ಆಯಿತಲ್ಲ ಅಂತ ಅಲ್ಲಿನ ಮೂಲನಿವಾಸಿ ಸಮುದಾಯಗಳು ಆಕ್ಷೇಪ ಎತ್ತಿದವು. ಅವರು ನಡೆಸುವ ಕ್ಯಾಸಿನೊಗಳ ಬದುಕಿನ ಪ್ರಶ್ನೆ ಅದು. 2023ರಲ್ಲಿ ಕಾನೂನು ತಿದ್ದಿದರು. 2025ರಿಂದ ಒಂದೊಂದು ಕಿಟಕಿಯನ್ನೂ ಬೇರೆಯಾಗಿಯೇ ತೆರೆಯಬೇಕು. ಅಂದರೆ ‘ಹರಿಯುವುದು’ ಅನ್ನುವ ಕ್ರಿಯೆಗೆ ಅಲ್ಲಿ ಕಾನೂನಿನಲ್ಲೇ ಬೆಲೆ ಇದೆ. ಹಾಗಾಗಿ ಚೀಟಿಗೆ ನನ್ನ ಪದ ‘ಹರಿಚೀಟಿ’. ಟ್ಯಾಬ್ಲೆಟ್ಟಿನದು ‘ಎಲೆಕ್ಟ್ರಾನಿಕ್ ಹರಿಚೀಟಿ’. ಬಿಂಗೊಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಅದು ನಮ್ಮ ಪ್ಲಾಂಟರ್ಸ್ ಕ್ಲಬ್ಬಿನ ತಂಬೋಲಕ್ಕೆ ಹತ್ತಿರದ ನಂಟ. ‘ತಂಬೋಲದಂಥ ಬಿಂಗೊ’ ಅಂತ ಒಂದು ಸಲ ಬರೆದರೆ ಸಾಕು.

ದತ್ತಿ ಬೇಡವೇ ಬೇಡ. ನಮ್ಮ ಕಡೆ ದತ್ತಿ ಅಂದರೆ ಮುಜರಾಯಿ ದೇವಸ್ಥಾನ ನೆನಪಾಗುತ್ತದೆ, ಇಲ್ಲವೇ ಕಾಲೇಜಿನ ದತ್ತಿ ಉಪನ್ಯಾಸ. ದತ್ತಿ ಅಂದರೆ ಇಡುಗಂಟು. ಇಲ್ಲಿ ಗಂಟು ಇಡುವವರೇ ಇಲ್ಲ. ಜನ ಆಡಲು ಬರುತ್ತಾರೆ, ಅವರು ಸೋತ ದುಡ್ಡಲ್ಲಿ ಒಂದು ಪಾಲು ಒಳ್ಳೆ ಕೆಲಸಕ್ಕೆ ಹೋಗುತ್ತದೆ. ಕೊಡುಗೆಯೂ ಆಗದು. ದೀಪಾವಳಿ ಜಾಹೀರಾತು ಅದನ್ನು ರಿಯಾಯಿತಿ ಮಾಡಿಬಿಟ್ಟಿದೆ. ‘ಕೊಡುಗೆಯ ನೆತ್ತ’ ಅಂದರೆ ಒಂದು ಆಡಿದರೆ ಒಂದು ಉಚಿತ ಅಂತ ಓದುತ್ತಾರೆ.

ಸರಿಯಾದ ಪದ ನಮ್ಮ ಹಳ್ಳಿ ಗೋಡೆಗಳ ಮೇಲೇ ಇದೆ. ‘ಶಾಲಾ ಕಟ್ಟಡದ ಸಹಾಯಾರ್ಥ ಕುರುಕ್ಷೇತ್ರ ನಾಟಕ.’ ಟಿಕೆಟ್ ತಗೊಂಡವನು ಆಟಕ್ಕೇ ಬಂದಿರುತ್ತಾನೆ, ಆದರೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಅವನಿಗೆ ಗೊತ್ತು. ‘ಸಹಾಯಾರ್ಥ’ ಅನ್ನುವುದರಲ್ಲಿ ಈ ಎರಡೂ ಇದೆ. ಸಹಾಯಾರ್ಥ ಜೂಜು.

ಹೌದು, ಜೂಜು. ‘ಆಟ’ ಅಂತ ದಯವಿಟ್ಟು ಬರೆಯಬೇಡಿ. ದುಡ್ಡು ಕಟ್ಟಿ, ಅದೃಷ್ಟ ನೋಡಿ, ದುಡ್ಡು ಗೆಲ್ಲೋದಕ್ಕೆ ಕನ್ನಡದಲ್ಲಿ ಒಂದೇ ಹೆಸರು. ಒಳ್ಳೆ ಕೆಲಸಕ್ಕೆ ಹೋಗುತ್ತೆ ಅಂದ ಮಾತ್ರಕ್ಕೆ ಹೆಸರು ಬದಲಾಗಲ್ಲ. ‘ಗೇಮಿಂಗ್’ ಅನ್ನೋದು ಆ ದಂಧೆಯವರೇ ತಮಗೆ ಇಟ್ಟುಕೊಂಡ ಹೆಸರು. ಅದನ್ನು ನಾವು ಯಾಕೆ ಹೊರಬೇಕು? ಕೂಲಿ ದುಡ್ಡು ಮಟ್ಕಾಕ್ಕೆ ಹಾಕಿ ಕೆಟ್ಟ ಮನೆಗಳನ್ನು ಈ ಮಲೆನಾಡಲ್ಲಿ ಕಂಡವನು ನಾನು. ಅಲ್ಲಿ ಯಾರೂ ಅದನ್ನು ಆಟ ಅನ್ನಲಿಲ್ಲ.

ಬೇಲೂರಿನಿಂದ

ಸಹಾಯಾರ್ಥ ಒಪ್ಪಿದೆ. ಸಂಪಾದಕರಿಗೆ ಇಷ್ಟು ಹೇಳಿ: ಸಂವಿಧಾನದ ರಾಜ್ಯ ಪಟ್ಟಿಯ 34ನೇ ನಮೂದು ಪಣ ಮತ್ತು ಜೂಜು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ದಾಳಿ ಆದಾಗ ಅವರದೇ ಪತ್ರಿಕೆ ‘ಜೂಜು ಅಡ್ಡೆ’ ಅಂತ ಬರೆಯುತ್ತದೆ. ಅರಸೀಕೆರೆಯಲ್ಲಾದರೆ ಜೂಜು, ಅಮೆರಿಕದಲ್ಲಾದರೆ ಆಟ, ಇದ್ಯಾವ ನ್ಯಾಯ?

ಇನ್ನು ಅರಸೀಕೆರೆಯವರಿಗೆ. ಜೂಜು ತದ್ಭವ ಅನ್ನೋದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಹಣವೂ ‘ಪಣ’ದಿಂದಲೇ ಬಂದದ್ದು. ಹಣವನ್ನೂ ಬಿಡುತ್ತೀರಾ? ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ತದ್ಭವಗಳಿಗೆ ಒಂದು ಪ್ರಕರಣವನ್ನೇ ಇಟ್ಟ. ಬಂದ ಪದ ನಮ್ಮ ನಾಲಿಗೆಗೆ ಹೊಂದಿಕೊಂಡು ನಮ್ಮದಾಯಿತು ಅಂತ ಅಷ್ಟು ಹಿಂದೆಯೇ ಲೆಕ್ಕ ಬರೆದಿಟ್ಟಿದ್ದಾರೆ. ನಮ್ಮ ತಾಲೂಕಿನ ಹಲ್ಮಿಡಿಗೆ ಬನ್ನಿ. ಸುಮಾರು 450ರ ಶಾಸನ, ಸಂಸ್ಕೃತ ಶ್ಲೋಕದಿಂದಲೇ ಶುರು. ಕನ್ನಡದ ಸಾಲುಗಳಲ್ಲೂ ಸಂಸ್ಕೃತ ತುಂಬಿದೆ. ಆವತ್ತಿಗೇ ಹೀಗಿತ್ತು.

ಅರಸೀಕೆರೆಯಿಂದ

ಅದೇ ಹಲ್ಮಿಡಿಯಲ್ಲಿ ‘ಬಾಳ್ಗಳ್ಚು’ ಇದೆ, ಅದನ್ನು ಮರೆತಿರಿ. ಕತ್ತಿ ತೊಳೆದು ಕೊಟ್ಟ ಉಂಬಳಿಗೆ ಎಂತಹ ಅಚ್ಚ ಕನ್ನಡ ಪದ! ಕಟ್ಟುವ ಕಸುವು ನಮ್ಮ ನುಡಿಗೆ ಆಗಲೇ ಇತ್ತು. ಸಾಲ ತಂದರೆ ಆ ಕಸುವು ಸೊರಗುತ್ತದೆ. ನಾನು ಹೇಳುತ್ತಿರುವುದು ಇಶ್ಟೇ. ಕಲಿಯದವನಿಗೆ ‘ವಿದ್ಯುನ್ಮಾನ’ದ ಅರ್ತ ಆಗುತ್ತದೆಯೇ?

ಕಡೂರಿನಿಂದ

ಮಿನ್ನೆತ್ತದ್ದು ಆಗುತ್ತದೆಯೇ? ಸಂತೆಯಲ್ಲಿ ನಿಂತು ಕೇಳಿ ನೋಡಿ.

ಮೂಡಿಗೆರೆಯಿಂದ

ಅರಸೀಕೆರೆಯವರ ಕೊನೆ ಪ್ರಶ್ನೆ ನ್ಯಾಯವಾದದ್ದು. ಮತಯಂತ್ರದ ಜೊತೆ ಬಿಟ್ಟರೆ ವಿದ್ಯುನ್ಮಾನ ಅನ್ನುವ ಪದವನ್ನು ಯಾರ ಬಾಯಲ್ಲೂ ಕೇಳಿಲ್ಲ. ಎಲೆಕ್ಟ್ರಾನಿಕ್ ಅಂತಲೇ ಇರಲಿ. ತೂಕದ ಯಂತ್ರವನ್ನು ಎಲ್ಲರೂ ಹಾಗೇ ಅಂತಾರೆ. ‘ಹರಿಚೀಟಿ’ಯಲ್ಲಿ ಹರಿ ಅಚ್ಚ ಕನ್ನಡ, ಚೀಟಿ ಹೊರಗಿಂದ ಬಂದದ್ದು. ಎರಡೂ ಜೊತೆಯಾಗಿ ಕೂರುತ್ತವೆ, ಯಾವುದೂ ಕಸುವು ಕಳೆದುಕೊಂಡಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ, ಯಾರೂ ಮುಟ್ಟಲೇ ಇಲ್ಲ. ‘ನಿಯಂತ್ರಿತ ಮಾರುಕಟ್ಟೆ’ ಅಂತ ಬರೆದರೆ ಹಾಸನದ ಓದುಗ ಎಪಿಎಂಸಿ ಯಾರ್ಡಿಗೆ ಹೋಗುತ್ತಾನೆ, ಬಿತ್ತನೆ ಆಲೂಗಡ್ಡೆ ತರೋದಕ್ಕೆ. ನಮ್ಮಂಥ ಕಾಫಿಯವರಿಗೆ ಇನ್ನೂ ತಪ್ಪು ಅರ್ಥ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದದ್ದೆಲ್ಲ ಬೋರ್ಡಿನ ಪೂಲಿಗೆ ಹಾಕಬೇಕಿತ್ತು. ನಮ್ಮ ಬೀಜ ನಾವೇ ಮಾರುವಂತಿರಲಿಲ್ಲ. ಅದನ್ನು ಹಂತ ಹಂತವಾಗಿ ಬಿಟ್ಟುಕೊಟ್ಟು ಮುಗಿಸಿದ್ದು 1996ಕ್ಕೆ. ಹಾಗಾಗಿ ನಿಯಂತ್ರಣ ಅಂದರೆ ನಮ್ಮ ಕಿವಿಗೆ ‘ಬಾಗಿಲು ಹಾಕಿದರು’ ಅಂತ ಕೇಳುತ್ತದೆ.

ಈ ಕಥೆಯಲ್ಲಿ ಆಗಿರೋದು ಅದರ ಉಲ್ಟಾ. ಮೊದಲು ಆ ಯಂತ್ರಕ್ಕೆ ಅವಕಾಶ ಇರಲಿಲ್ಲ, ಅಥವಾ ಯಾರೂ ಕೇಳುವವರಿಲ್ಲದೆ ಅರೆಬರೆಯಾಗಿ ನಡೆಯುತ್ತಿತ್ತು. ಈಗ ಕಾನೂನು ಮಾಡಿ, ಲೈಸೆನ್ಸ್ ಕೊಟ್ಟು, ಲೆಕ್ಕ ಕೇಳಿ ಬಾಗಿಲು ತೆಗೆದಿದ್ದಾರೆ. ತೆರೆದದ್ದೂ ಹೌದು, ಕಾವಲಿಟ್ಟದ್ದೂ ಹೌದು. ಒಹಾಯೊದಲ್ಲಿ ಲೈಸೆನ್ಸ್ ಕೊಡುವವರು ರಾಜ್ಯದ ಅಟಾರ್ನಿ ಜನರಲ್. ಮಿನ್ನೆಸೋಟದಲ್ಲಿ ಇದಕ್ಕೇ ಒಂದು ಮಂಡಳಿ ಇದೆ. ಯಂತ್ರ ಮಾಡುವವನಿಗೆ ಒಂದು ಲೈಸೆನ್ಸು, ಹಂಚುವವನಿಗೆ ಒಂದು, ಆಡಿಸುವ ಸಂಘಕ್ಕೆ ಇನ್ನೊಂದು. ಕಂಪನಿ ಹೊಸ ರಾಜ್ಯಕ್ಕೆ ಕಾಲಿಡೋದು ಅಂದರೆ ಮುಖ್ಯವಾಗಿ ಈ ಕಾಗದಪತ್ರ, ಯಂತ್ರದ ಪರೀಕ್ಷೆ, ಆಮೇಲೆ ಒಂದೊಂದೇ ಸಂಘದ ಜೊತೆ ಒಪ್ಪಂದ. ಆದ್ದರಿಂದ ಒಂದೇ ಪದಕ್ಕೆ ಹಟ ಹಿಡಿಯಬೇಡಿ. ‘ಕಾನೂನು ಹೊಸದಾಗಿ ಲೈಸೆನ್ಸ್ ಕೊಡಲು ಶುರು ಮಾಡಿರುವ ರಾಜ್ಯ’ ಅಂತ ಬಿಡಿಸಿ ಬರೆಯಿರಿ. ಮಾರುಕಟ್ಟೆ ಪದವೇ ಬೇಕಿಲ್ಲ.

ಇನ್ನೊಂದು ಮಾತು. ಹೊಸ ರಾಜ್ಯ ಅಂದ ಕೂಡಲೇ ದುಡ್ಡು ಸುರಿಯುತ್ತೆ ಅನ್ನೋ ಧಾಟಿ ಲೇಖನದಲ್ಲಿದ್ದರೆ ಅದನ್ನು ಹಾಗೇ ನುಂಗಬೇಡಿ. ಮಿನ್ನೆಸೋಟ ಈ ಚೀಟಿಯ ತೆರಿಗೆ ನಂಬಿಕೊಂಡೇ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಕೈ ಹಾಕಿತು. ಮೊದಲ ವರ್ಷ ಅಂದುಕೊಂಡದ್ದರ ಹತ್ತಿರಕ್ಕೂ ಬರಲಿಲ್ಲ. 2013ರಲ್ಲಿ ಸಿಗರೇಟಿನ ತೆರಿಗೆ, ಕಂಪನಿಗಳ ತೆರಿಗೆ ಕಡೆ ಕೈ ಚಾಚಬೇಕಾಯಿತು. ಆಮೇಲೆ ಆಡುವವರು ಜಾಸ್ತಿಯಾದರು, 2023ರಲ್ಲಿ ಕ್ರೀಡಾಂಗಣದ ಸಾಲ ಅವಧಿಗೆ ಮುಂಚೆಯೇ ತೀರಿತು ನಿಜ. ಆದರೆ ಆ ದುಡ್ಡು ಬಂದದ್ದು ಸೋತವರ ಜೇಬಿಂದ ಅಲ್ವಾ?

ಬೇಲೂರಿನಿಂದ

ನಮ್ಮಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದ್ದು ಆ ಜೇಬುಗಳನ್ನು ನೋಡಿಯೇ. ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ, ಬಡ ರೋಗಿಗಳ ಚಿಕಿತ್ಸೆಗೆ ಅಂತ ‘ಕಾರುಣ್ಯ’ ಅನ್ನುವ ಹೆಸರಿನ ಟಿಕೆಟ್ಟೇ ಇದೆ. ಸಹಾಯಾರ್ಥಕ್ಕೆ ಓದುಗರಿಗೆ ಹತ್ತಿರದ ಉದಾಹರಣೆ ಬೇಕಾದರೆ ಅದನ್ನು ಕೊಡಿ.

ಅರಸೀಕೆರೆಯಿಂದ

ಲೈಸೆನ್ಸ್ ಯಾಕೆ? ‘ಒಪ್ಪೋಲೆ’ ಇದೆ.

ಕಡೂರಿನಿಂದ

ಆರ್‌ಟಿಒ ಕಚೇರಿಯಲ್ಲಿ ಒಪ್ಪೋಲೆ ಕೇಳಿ, ಕೊಟ್ಟರೆ ಇಲ್ಲಿ ಹಾಕಿ.

ಹಾಸನದಿಂದ

ಎಲ್ಲರಿಗೂ ಧನ್ಯವಾದ. ಮೊದಲ ವಾಕ್ಯ ಈಗ ಹೀಗಿದೆ: ‘ಸಂಘಸಂಸ್ಥೆಗಳ ಸಹಾಯಾರ್ಥ ನಡೆಯುವ ಜೂಜಿಗೆ ಎಲೆಕ್ಟ್ರಾನಿಕ್ ಹರಿಚೀಟಿ ಒದಗಿಸುವ ಕಂಪನಿಯೊಂದು, ಇದಕ್ಕೆ ಹೊಸದಾಗಿ ಲೈಸೆನ್ಸ್ ಕೊಡಲು ಶುರು ಮಾಡಿರುವ ಇನ್ನೊಂದು ರಾಜ್ಯಕ್ಕೆ ಕಾಲಿಡುತ್ತಿದೆ.’ ಸಂಪಾದಕರ ಜೊತೆ ಫೋನಿನಲ್ಲಿ ಜಗಳ ಆಡಿ ‘ಜೂಜು’ ಉಳಿಸಿಕೊಂಡೆ. ಶೀರ್ಷಿಕೆಯಲ್ಲಿ ಮಾತ್ರ ಬೇಡ ಅಂದರು, ಅಲ್ಲಿ ‘ಹರಿಚೀಟಿ’ ಹಾಕಿದ್ದೇನೆ.

ಒಂದು ಉಳಿದಿದೆ. ಎಣಿಸಿಟ್ಟ ಅಷ್ಟೂ ಚೀಟಿಗಳ ಗುಂಪಿಗೆ ಅವರು ‘ಡೀಲ್’ ಅಂತಾರೆ. ಅದಕ್ಕೆ?

ಮೂಡಿಗೆರೆಯಿಂದ

ಕಟ್ಟು. ಇಸ್ಪೀಟಿನ ಕಟ್ಟು ಅಂತೀವಲ್ಲ, ಅದೇ.