ಇರುವೆ, ಚಂದ್ರನ ಬಳೆ, ಹೂ ಮಳೆ: ಯಾವ ಗುರುತು ನಂಬಬಹುದು?

ಪ್ರಶ್ನೆ: ಮೂಡಿಗೆರೆ ಹತ್ತಿರ ಮಾವನವರ ಕಾಫಿ ತೋಟವನ್ನು ಈ ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಕೆಲಸದವರು ಇರುವೆ ನೋಡಿ, ಚಂದ್ರನ ನೋಡಿ ಮಳೆ ಹೇಳುತ್ತಾರೆ. ಇದರಲ್ಲಿ ಯಾವುದನ್ನು ನಂಬಬಹುದು? ನಿಮ್ಮ ಅನುಭವ ಹೇಳಿ.

ಸಕಲೇಶಪುರದಿಂದ:
ಅಕ್ಕ, ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ. ಕಾಮನಬಿಲ್ಲು ಯಾವಾಗಲೂ ಸೂರ್ಯನ ಎದುರು ದಿಕ್ಕಿಗೇ ಕಾಣೋದು. ಬೆಳಿಗ್ಗೆ ಪಡುವಣದಲ್ಲಿ ಕಂಡರೆ ಅಲ್ಲಿ ಮಳೆ ಬೀಳುತ್ತಿದೆ ಅಂತ ಅರ್ಥ. ಮುಂಗಾರಿನಲ್ಲಿ ಗಾಳಿ ಆ ಕಡೆಯಿಂದಲೇ ಘಟ್ಟ ಹತ್ತಿ ಬರುತ್ತೆ, ಹಾಗಾಗಿ ಕಂಬಳಿ ತೆಗೆದಿಡಿ. ಹಿಂಗಾರಿನಲ್ಲಿ ಮೋಡ ಬರೋದು ಮೂಡಣದಿಂದ. ಆಗ ಸಂಜೆಯ ಬಿಲ್ಲು ನೋಡಬೇಕು.

ಚಂದ್ರನ ಬಳೆಯೂ ಸುಮ್ನೆ ಮಾತಲ್ಲ. ತುಂಬಾ ಎತ್ತರದ ತೆಳು ಮೋಡದಲ್ಲಿ ಹಿಮದ ಹರಳುಗಳಿರುತ್ತವೆ. ಬೆಳಕು ಅದರೊಳಗೆ ಬಾಗಿ, ಚಂದ್ರನಿಂದ 22 ಡಿಗ್ರಿ ದೂರಕ್ಕೆ ಬಳೆ ಮೂಡುತ್ತೆ. ಆದರೆ ಆ ಮೋಡ ಮಳೆ ತಂದೇ ತರುತ್ತೆ ಅಂತಿಲ್ಲ. ಅದನ್ನು ನೋಡಿ ಕಣದ ಕಾಫಿ ಮುಚ್ಚಿಸೋದು ನನಗೆ ಸರಿ ಕಾಣೋದಿಲ್ಲ.

ನಿಜವಾಗಿ ಕಲಿಯಬೇಕಾದ್ದು ಹೂ ಮಳೆ ಲೆಕ್ಕ. ಮಾರ್ಚ್-ಏಪ್ರಿಲ್‌ನಲ್ಲಿ 1 ಇಂಚು, ಅಂದರೆ ತೋಟದವರ ಮಾತಿನಲ್ಲಿ 100 ಸೆಂಟ್, ಚೆನ್ನಾಗಿ ಬಿದ್ದರೆ 9-10 ದಿನಕ್ಕೆ ಅರೇಬಿಕಾ ಗಿಡ ಬೆಳ್ಳಗೆ ಹೂ ಬಿಡುತ್ತೆ. ಹತ್ತಿಪ್ಪತ್ತು ಸೆಂಟ್ ಉದುರಿ ನಿಂತರೆ ಮೊಗ್ಗು ಪೂರ್ತಿ ಅರಳದೆ ಹಾಳಾಗುತ್ತೆ. ಹೂವಾದ ಮೇಲೆ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚೋಕೆ. ಮಾವನವರು ಮಳೆ ಅಳತೆ ಬರೆದಿಟ್ಟ ಪುಸ್ತಕ ಮನೆಯಲ್ಲಿದ್ದರೆ ದಯವಿಟ್ಟು ಹುಡುಕಿ. ನಿಮ್ಮ ತೋಟಕ್ಕೆ ಅದಕ್ಕಿಂತ ಒಳ್ಳೆ ಪಂಚಾಂಗ ಇಲ್ಲ.

ಅರಸೀಕೆರೆಯಿಂದ:
ನಮ್ಮದು ರಾಗಿ, ತೆಂಗು. ನಾವು ನಡೆಯೋದು ಮಳೆ ನಕ್ಷತ್ರದ ಮೇಲೆ. ಸೂರ್ಯ 27 ನಕ್ಷತ್ರ ದಾಟೋಕೆ ಒಂದು ವರ್ಷ, ಒಂದೊಂದಕ್ಕೆ 13-14 ದಿನ. ಅದಕ್ಕೇ ಹಬ್ಬಗಳ ಹಾಗೆ ಇವು ಹಿಂದೆ ಮುಂದೆ ಆಗೋದಿಲ್ಲ. ಭರಣಿ ಏಪ್ರಿಲ್ ಕೊನೆಗೆ, ಆರಿದ್ರಾ ಜೂನ್ ಮೂರನೇ ವಾರದ ಹೊತ್ತಿಗೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅಂತಾರೆ ಹಿರಿಯರು. ಆ ಹದಕ್ಕೆ ಹೊಲ ಉತ್ತಿಟ್ಟರೆ ಮುಂದಿನ ಕೆಲಸ ಹಗುರ. ಆದರೆ ಬಯಲಿನ ಗಾದೆ ಘಟ್ಟಕ್ಕೆ ಒಪ್ಪೋದಿಲ್ಲ ಅಕ್ಕ. ಕೊಟ್ಟಿಗೆಹಾರದಲ್ಲಿ ಜಡಿಮಳೆ ಹಿಡಿದಾಗ ನಮ್ಮಲ್ಲಿ ಬರೀ ಗಾಳಿ. ಮೋಡ ಬೆಟ್ಟ ಹತ್ತುವಾಗಲೇ ನೀರು ಸುರಿಸಿಬಿಡುತ್ತೆ.

ಶೃಂಗೇರಿಯಿಂದ:
ಕಿಗ್ಗದ ಋಷ್ಯಶೃಂಗನ ಗುಡಿಗೆ ಒಮ್ಮೆ ಬನ್ನಿ. ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ತಂದ ಮುನಿ ಅವನು. ಮಳೆ ಬರಲಿ ಅಂತಲೂ ಪೂಜೆ ಮಾಡಿಸುತ್ತಾರೆ, ಜಾಸ್ತಿಯಾದರೆ ನಿಲ್ಲಲಿ ಅಂತಲೂ. ಇನ್ನೊಂದು, ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತೀವಲ್ವಾ? ಜಪಾನಿನವರೂ ಅದನ್ನು ನರಿಯ ಮದುವೆ ಅಂತಲೇ ಕರೆಯುತ್ತಾರೆ!

ಆಲ್ದೂರಿನಿಂದ:
ಇರುವೆ ಮೊಟ್ಟೆ ಹೊತ್ತು ಸಾಗೋದು ಬೇರೆ ಕಾರಣಕ್ಕೂ ಇರುತ್ತೆ, ಅದೊಂದನ್ನೇ ನಂಬಬೇಡಿ. ನನ್ನ ಚಿಂತೆ ಸಿಡಿಲಿನದು. ಕಾಳುಮೆಣಸು ಕೊಯ್ಯೋ ಹೊತ್ತಿಗೇ ಗುಡುಗು ಮಳೆಯೂ ಶುರುವಾಗುತ್ತೆ. ‘ಅರ್ಜುನ, ಫಲ್ಗುಣ’ ಅಂತ ಹೇಳಿಕೊಳ್ಳಲಿ, ಧೈರ್ಯ ಬರುತ್ತೆ. ಜೊತೆಗೆ ಎಣಿಸೋದನ್ನೂ ಕಲಿಸಿ: ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡ್ ಅಂದರೆ 1 ಕಿಲೋಮೀಟರ್ ದೂರ. ಫೋನಿಗೆ ದಾಮಿನಿ ಆಪ್ ಹಾಕಿಕೊಳ್ಳಿ, ಸಿಡಿಲಿನ ಮುನ್ಸೂಚನೆ ಕೊಡುತ್ತೆ. ಗುಡುಗು ಕೇಳಿದೊಡನೆ ಎಲ್ಲರನ್ನೂ ಏಣಿಯಿಂದ ಇಳಿಸಿ, ಸಿಲ್ವರ್ ಓಕ್ ಕೆಳಗೆ ನಿಲ್ಲೋಕೆ ಬಿಡದೆ ಮನೆಯೊಳಗೆ ಕಳಿಸಿ.