ಪದಚರ್ಚೆ: ‘ಬಂಧಿತ ಆಮದು’, ‘ಹಂಚಿಕೆ ಪಾಲುದಾರಿಕೆ’ – ಕಾರು ವ್ಯಾಪಾರಕ್ಕೆ ಇವು ಒಪ್ಪುತ್ತವೆಯೇ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಅಮೆರಿಕದ ಕಾರು ಕಂಪನಿಗಳು ಹೊರದೇಶದ ಕಂಪನಿಗಳ ಜೊತೆ ಮಾಡಿಕೊಂಡ ಮಾರಾಟದ ಒಪ್ಪಂದಗಳ ಚರಿತ್ರೆ ಕುರಿತ ಲೇಖನವೊಂದನ್ನು ಕನ್ನಡದಲ್ಲಿ ತಿದ್ದುವ ಕೆಲಸ ನಡೆದಿದೆ. ಕರಡಿನಲ್ಲಿ ಈ ವಾಕ್ಯವಿದೆ:

‘1971ರಲ್ಲಿ ಕ್ರೈಸ್ಲರ್ ಕಂಪನಿಯು ಮಿತ್ಸುಬಿಷಿಯೊಂದಿಗೆ ಹಂಚಿಕೆ ಪಾಲುದಾರಿಕೆ ಹೊಂದಿ, ಡಾಜ್ ಕೋಲ್ಟ್ ಎಂಬ ಬಂಧಿತ ಆಮದನ್ನು ಬ್ಯಾಡ್ಜ್ ಎಂಜಿನಿಯರಿಂಗ್ ಮೂಲಕ ಪರಿಚಯಿಸಿತು.’

ಓದಿದವರಿಗೆ ಕಾರನ್ನು ಬಂದರಿನಲ್ಲಿ ಮುಟ್ಟುಗೋಲು ಹಾಕಿಕೊಂಡರೇನೋ ಅನ್ನಿಸುತ್ತದೆ. ‘ಕ್ಯಾಪ್ಟಿವ್ ಇಂಪೋರ್ಟ್’, ‘ಬ್ಯಾಡ್ಜ್ ಎಂಜಿನಿಯರಿಂಗ್’, ‘ಡಿಸ್ಟ್ರಿಬ್ಯೂಷನ್ ಪಾರ್ಟ್‌ನರ್‌ಶಿಪ್’ ಈ ಮೂರಕ್ಕೂ ಓದುಗರಿಗೆ ತಡೆಯಾಗದ ಮಾತು ಬೇಕು. ಇಂಗ್ಲಿಷಿನಲ್ಲಿ ಈ ಮೂರೂ ಒಂದೇ ಸಂಗತಿಯ ಬೇರೆ ಬೇರೆ ಹೆಸರುಗಳೇ, ಅಥವಾ ಮೂರು ಬೇರೆ ಸಂಗತಿಗಳೇ? ದಯವಿಟ್ಟು ಉದಾಹರಣೆ ಕೊಟ್ಟು ತಿಳಿಸಿ.

ಮೊದಲ ಉತ್ತರ

ಮೂರೂ ಬೇರೆ ಬೇರೆ. ಒಂದೇ ಕಾರಿನಲ್ಲಿ ಮೂರೂ ಕೂಡಿಬರಬಹುದು, ಕೋಲ್ಟ್‌ನಲ್ಲಿ ಹಾಗೆಯೇ ಆಗಿದೆ. ಗೊಂದಲ ಹುಟ್ಟಿರುವುದೂ ಅಲ್ಲಿಂದಲೇ. ಒಂದೊಂದಾಗಿ ಬಿಡಿಸಿ ನೋಡೋಣ.

‘ಡಿಸ್ಟ್ರಿಬ್ಯೂಷನ್’ಗೆ ಹೊಸ ಪದ ಹುಡುಕಬೇಕಾಗಿಯೇ ಇಲ್ಲ. ಸಿನಿಮಾ ವ್ಯಾಪಾರದಲ್ಲಿ ನಿರ್ಮಾಪಕ, ವಿತರಕ, ಪ್ರದರ್ಶಕ ಎಂಬ ಮೂರು ಮೆಟ್ಟಿಲು ಎಲ್ಲರಿಗೂ ಗೊತ್ತು. ಕಾರಿನಲ್ಲೂ ಮೆಟ್ಟಿಲು ಅಷ್ಟೇ: ತಯಾರಕ, ವಿತರಕ, ಡೀಲರು. ವಿತರಕನೆಂದರೆ ಒಂದು ಸೀಮೆಗೆ ಕಾರು ತರಿಸುವ, ಡೀಲರುಗಳನ್ನು ನೇಮಿಸುವ, ಬಿಡಿಭಾಗದ ದಾಸ್ತಾನು ಇಡುವ ಹಕ್ಕು ಪಡೆದವನು. ಗ್ರಾಹಕನಿಗೆ ಬೀಗದ ಕೈ ಕೊಡುವವನು ಡೀಲರು. ಇವರಿಬ್ಬರನ್ನೂ ‘ಮಾರಾಟಗಾರ’ ಎಂದು ಬರೆದರೆ ಚರಿತ್ರೆಯೇ ಕಲಸಿಹೋಗುತ್ತದೆ. ಇನ್ನು ‘ಪಾಲುದಾರಿಕೆ’ ನಮ್ಮಲ್ಲಿ ಕಾನೂನಿನ ಮಾತು, ಲಾಭನಷ್ಟದಲ್ಲಿ ಪಾಲು ಇದ್ದಲ್ಲಿ ಮಾತ್ರ ಸಲ್ಲುತ್ತದೆ. ಹಕ್ಕು ಕೊಟ್ಟು ಪಡೆದಷ್ಟೇ ಆಗಿದ್ದರೆ ‘ವಿತರಣೆ ಒಪ್ಪಂದ’ ಅನ್ನಿ.

ಶುದ್ಧ ವಿತರಣೆ ಒಪ್ಪಂದಕ್ಕೆ ಒಳ್ಳೆಯ ಮಾದರಿ ಸ್ಟುಡಿಬೇಕರ್-ಪ್ಯಾಕರ್ಡ್ ಮತ್ತು ಡೈಮ್ಲರ್-ಬೆಂಜ್ ನಡುವೆ 1957ರಲ್ಲಿ ಆದದ್ದು. ಅದಕ್ಕೂ ಮೊದಲು ಅಮೆರಿಕದಲ್ಲಿ ಮರ್ಸಿಡಿಸ್ ತರಿಸುತ್ತಿದ್ದವನು ನ್ಯೂಯಾರ್ಕಿನ ಮ್ಯಾಕ್ಸ್ ಹಾಫ್‌ಮನ್. ಆಸ್ಟ್ರಿಯಾ ಮೂಲದ ಈ ಒಬ್ಬ ವಿತರಕನ ಕೈಯಲ್ಲಿ ಪೋರ್ಶೆ, ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಎಲ್ಲವೂ ಒಂದಲ್ಲ ಒಂದು ಕಾಲಕ್ಕೆ ಇದ್ದವು. ಸ್ಟುಡಿಬೇಕರ್ ಒಪ್ಪಂದದಲ್ಲಿ ಕಾರು ಜರ್ಮನಿಯದು, ಹೆಸರೂ ಜರ್ಮನಿಯದು, ಮುಂದಿನ ಮೂರು ಮೊನೆಯ ನಕ್ಷತ್ರವೂ ಹಾಗೇ. ಅಮೆರಿಕದ ಕಂಪನಿ ಕೊಟ್ಟದ್ದು ಡೀಲರುಗಳ ಜಾಲ ಮಾತ್ರ. ಸ್ಟುಡಿಬೇಕರ್ 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಕಾರ್ಖಾನೆಯಲ್ಲಿ ಕಾರು ತಯಾರಿಕೆ ನಿಲ್ಲಿಸಿತು. 1965ರಲ್ಲಿ ಜರ್ಮನ್ ಕಂಪನಿ ಉತ್ತರ ಅಮೆರಿಕಕ್ಕೆ ತನ್ನದೇ ಮಾರಾಟ ಕಂಪನಿ ಕಟ್ಟಿತು. ಇದನ್ನು ಸಾಮಾನ್ಯವಾಗಿ ‘ಕ್ಯಾಪ್ಟಿವ್’ ಅನ್ನುವುದಿಲ್ಲ.

ಈಗ ‘ಕ್ಯಾಪ್ಟಿವ್’. ಈ ಮಾತಿಗೂ ಸೆರೆಮನೆಗೂ ಸಂಬಂಧವಿಲ್ಲ. ಬಳ್ಳಾರಿ ಕಡೆಯ ಸುದ್ದಿಗಳಲ್ಲಿ ‘ಕ್ಯಾಪ್ಟಿವ್ ಗಣಿ’ ಎಂದು ಓದಿರುತ್ತೀರಿ. ಉಕ್ಕಿನ ಕಾರ್ಖಾನೆ ತನ್ನ ಬಳಕೆಗೆಂದೇ ಇಟ್ಟುಕೊಂಡ ಗಣಿ ಅದು. ಅದೇ ಅರ್ಥ ಇಲ್ಲೂ ಇದೆ. ಊರಿನ ತಯಾರಕ ತಾನೇ ಹೊರಗಿನಿಂದ ತರಿಸಿ, ತನ್ನ ಡೀಲರುಗಳಿಂದಲೇ ಮಾರಿಸುವ ಕಾರು. ‘ಬಂಧಿತ’ ಎಂದು ಅನುವಾದಿಸಿದವರು ನಿಘಂಟಿನ ಮೊದಲ ಅರ್ಥ ಹಿಡಿದರು, ವ್ಯಾಪಾರದ ಅರ್ಥ ಬಿಟ್ಟರು. ನನ್ನ ಸಲಹೆ ‘ದತ್ತು ಆಮದು’. ಹುಟ್ಟಿದ್ದು ಬೇರೆ ಮನೆ, ಹೆಸರು ಹೇಳುವುದು ಈ ಮನೆಯದು.

ಹಳೆಯ ಉದಾಹರಣೆ ನ್ಯಾಶ್ ಮೆಟ್ರೊಪಾಲಿಟನ್. ರೂಪ ಅಮೆರಿಕದ ನ್ಯಾಶ್ ಕಂಪನಿಯದು, ತಯಾರಿ ಇಂಗ್ಲೆಂಡಿನ ಲಾಂಗ್‌ಬ್ರಿಡ್ಜ್‌ನಲ್ಲಿ, ಆಸ್ಟಿನ್ ಕಾರ್ಖಾನೆಯಲ್ಲಿ. ಎಂಜಿನ್ ಆಸ್ಟಿನ್‌ನದೇ, ಮೊದಲು 1200 ಸಿಸಿ, 1956ರಿಂದ 1500 ಸಿಸಿ. 1971ರ ಸುಮಾರಿಗಂತೂ ಡೆಟ್ರಾಯಿಟಿನ ಮೂರೂ ದೊಡ್ಡ ಕಂಪನಿಗಳು ಜಪಾನಿಗೆ ಮುಖಮಾಡಿದವು. ಕ್ರೈಸ್ಲರ್ ಮಿತ್ಸುಬಿಷಿ ಮೋಟಾರ್ಸಿನಲ್ಲಿ ಶೇ 15ರಷ್ಟು ಷೇರು ಕೊಂಡಿತು, ಗ್ಯಾಲಂಟ್ ಕಾರು ‘ಡಾಜ್ ಕೋಲ್ಟ್’ ಆಯಿತು. ಜನರಲ್ ಮೋಟಾರ್ಸ್ ಇಸುಜುವಿನಲ್ಲಿ ಶೇ 34.2ರಷ್ಟು ಷೇರು ಕೊಂಡು, ಅದರ ಪಿಕಪ್ ಗಾಡಿಯನ್ನು ‘ಷೆವರ್ಲೆ ಲವ್’ ಎಂದು 1972ರಿಂದ ಮಾರಿತು. ಫೋರ್ಡ್ ಮಜ್ದಾದ ಪಿಕಪ್ಪನ್ನು ‘ಕೊರಿಯರ್’ ಎಂದು ಮಾರಿತು. ಆಗ ಮಜ್ದಾದಲ್ಲಿ ಫೋರ್ಡಿಗೆ ಷೇರು ಇರಲಿಲ್ಲ, ಅದು ಬಂದದ್ದು 1979ರಲ್ಲಿ. ಆದ್ದರಿಂದ ‘ಷೇರು ಇದ್ದರೆ ಮಾತ್ರ ಕ್ಯಾಪ್ಟಿವ್’ ಎಂದು ವ್ಯಾಖ್ಯೆ ಬರೆಯಬೇಡಿ, ತಪ್ಪಾಗುತ್ತದೆ.

ಈ ಎರಡು ಪಿಕಪ್ಪುಗಳಲ್ಲಿ ಇನ್ನೊಂದು ಪದದ ಸಿಕ್ಕು ಇದೆ. 1964ರ ಜನವರಿಯಿಂದ ಅಮೆರಿಕ ಆಮದು ಟ್ರಕ್ಕುಗಳ ಮೇಲೆ ಶೇ 25ರಷ್ಟು ಸುಂಕ ಹಾಕಿತು. ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಪ್ರತೀಕಾರವಾದ್ದರಿಂದ ಅದಕ್ಕೆ ‘ಕೋಳಿ ಸುಂಕ’ ಎಂದೇ ಹೆಸರು. ಆದರೆ ಹಿಂದಿನ ತೊಟ್ಟಿ ಇಲ್ಲದೆ ಕ್ಯಾಬಿನ್ನು, ಚಾಸಿ ಮಾತ್ರ ತಂದರೆ ಸುಂಕ ಶೇ 4 ಅಷ್ಟೇ. ಲವ್ ಮತ್ತು ಕೊರಿಯರ್ ಬರುತ್ತಿದ್ದದ್ದು ಹಾಗೆಯೇ, ತೊಟ್ಟಿ ಕೂರಿಸುತ್ತಿದ್ದದ್ದು ಅಮೆರಿಕದಲ್ಲಿ. 1980ರಲ್ಲಿ ಕ್ಯಾಬಿನ್-ಚಾಸಿಯನ್ನೂ ಟ್ರಕ್ಕೆಂದೇ ಲೆಕ್ಕಕ್ಕೆ ಹಿಡಿದು ಆ ಕಂಡಿ ಮುಚ್ಚಿದರು. ಹಾಗಾಗಿ ಇವುಗಳ ಬಗ್ಗೆ ‘ಅಮೆರಿಕದಲ್ಲಿ ತಯಾರಾದ’ ಎಂದೂ ಬರೆಯುವಂತಿಲ್ಲ, ‘ಅಮೆರಿಕದಲ್ಲಿ ಜೋಡಿಸಿದ’ ಎಂದರೂ ಅತಿಯಾಯಿತು. ‘ತೊಟ್ಟಿ ಅಮೆರಿಕದಲ್ಲಿ ಕೂರಿಸಿದ’ ಎಂದು ಬಿಡಿಸಿಯೇ ಬರೆಯಬೇಕು.

ಮೂರನೆಯದು ‘ಬ್ಯಾಡ್ಜ್ ಎಂಜಿನಿಯರಿಂಗ್’, ಅಂದರೆ ಒಂದೇ ಕಾರನ್ನು ಇನ್ನೊಂದು ಹೆಸರು ಅಂಟಿಸಿ ಮಾರುವುದು. ‘ಲಾಂಛನ’ ಬೇಡ ಅನ್ನುತ್ತೇನೆ. ಲಾಂಛನ ಕಂಪನಿಯ ಗುರುತು, ಕಾಗದದ ಮೇಲೂ ಇರುತ್ತದೆ. ಕಾರಿಗೆ ಅಂಟಿಸುವ ಲೋಹದ ತುಂಡಿಗೆ ‘ಬಿಲ್ಲೆ’ ಎಂಬ ಸೊಗಸಾದ ಮಾತಿದೆ. ದಫೇದಾರನ ಬಿಲ್ಲೆ, ರೈಲ್ವೆ ಕೂಲಿಯ ತೋಳಿನ ಹಿತ್ತಾಳೆ ಬಿಲ್ಲೆ ನಮಗೆ ಹೊಸದಲ್ಲ. ಗ್ಯಾರೇಜಿನಲ್ಲಿ ಎಂಬ್ಲಂ ಅನ್ನುತ್ತಾರೆ ನಿಜ, ಆದರೆ ಬರವಣಿಗೆಯಲ್ಲಿ ‘ಬಿಲ್ಲೆ ಬದಲು’ ಎಂದರೆ ಅರ್ಥ ತಾನಾಗಿ ಹೊಳೆಯುತ್ತದೆ. ‘ಎಂಜಿನಿಯರಿಂಗ್’ ಅನ್ನು ಬಿಟ್ಟುಬಿಡಿ. ಬದಲಾಗುವುದು ಮುಂದಿನ ಗ್ರಿಲ್, ದೀಪ, ಬಂಪರ್, ಒಳಗಿನ ಬಟ್ಟೆ, ಹೆಸರು. ಎಂಜಿನ್ನು, ಗೇರುಪೆಟ್ಟಿಗೆ, ಬಾಗಿಲಿನ ತಗಡು ಹೆಚ್ಚಾಗಿ ಅವೇ ಇರುತ್ತವೆ.

ಬಿಲ್ಲೆ ಬದಲಾಗಲು ಆಮದೇ ಆಗಬೇಕಿಲ್ಲ, ಇದು ಮುಖ್ಯ. ಇಲಿನಾಯ್ ರಾಜ್ಯದ ನಾರ್ಮಲ್ ಊರಿನಲ್ಲಿ ಕ್ರೈಸ್ಲರ್, ಮಿತ್ಸುಬಿಷಿ ಸೇರಿ ಕಟ್ಟಿದ ಡೈಮಂಡ್-ಸ್ಟಾರ್ ಕಾರ್ಖಾನೆಯಿಂದ ಒಂದೇ ಒಡಲಿನ ಕಾರು ಮಿತ್ಸುಬಿಷಿ ಎಕ್ಲಿಪ್ಸ್, ಕ್ರೈಸ್ಲರಿನ ಪ್ಲಿಮತ್ ಲೇಸರ್ ಮತ್ತು ಈಗಲ್ ಟಾಲನ್ ಎಂಬ ಮೂರು ಹೆಸರು ಹೊತ್ತು ಹೊರಬಂತು. ಮೂರೂ ಅಮೆರಿಕದಲ್ಲೇ ತಯಾರಾದವು. ಇದು ಜಂಟಿ ತಯಾರಿಕೆ ಮತ್ತು ಬಿಲ್ಲೆ ಬದಲು, ಆಮದಲ್ಲ. ಇದಕ್ಕೆ ತಿರುಗಮುರುಗ, 1978ರ ಡಾಜ್ ಚಾಲೆಂಜರ್. 1970ರಲ್ಲಿ ಅದೇ ಹೆಸರಿದ್ದ ಕಾರು ಅಪ್ಪಟ ಅಮೆರಿಕದ್ದು. 1978ರಿಂದ 1983ರವರೆಗಿನದು ಜಪಾನಿನ ಮಿತ್ಸುಬಿಷಿ ಕಾರು. ಹೆಸರನ್ನೇ ನಂಬಿದ ಅನುವಾದಕರು ಇಲ್ಲಿ ಎಡವುತ್ತಾರೆ.

ಎಡವದಿರಲು ದಾರಿ ಇದೆ. 1981ರ ಮಾದರಿಯಿಂದ ಅಮೆರಿಕದಲ್ಲಿ ಮಾರಿದ ಪ್ರತಿ ಕಾರಿಗೂ 17 ಅಕ್ಷರದ ಗುರುತು ಸಂಖ್ಯೆ ಇದೆ. ಮೊದಲ ಅಕ್ಷರ ತಯಾರಾದ ಸೀಮೆ: 1, 4, 5 ಅಮೆರಿಕ, 2 ಕೆನಡಾ, 3 ಮೆಕ್ಸಿಕೊ, ‘ಜೆ’ ಜಪಾನ್, ‘ಕೆ’ ಕೊರಿಯಾ, ‘ಡಬ್ಲ್ಯು’ ಜರ್ಮನಿ. ಮೊದಲ ಮೂರು ಅಕ್ಷರ ಸೇರಿಸಿ ಓದಿದರೆ ಬಿಲ್ಲೆಯೂ ತಿಳಿಯುತ್ತದೆ. ಜಪಾನಿನಿಂದ ಬಂದ ಡಾಜ್ ಕೋಲ್ಟ್ ‘ಜೆಬಿ3’, ಅದರ ಪ್ಲಿಮತ್ ಜೋಡಿ ‘ಜೆಪಿ3’, ಮಿತ್ಸುಬಿಷಿಯೇ ಹೆಸರಾದರೆ ‘ಜೆಎ3’. ಸಂದೇಹ ಉಳಿದರೆ ಚಾಲಕನ ಬಾಗಿಲಿನ ಅಂಚಿನ ಚೀಟಿ ನೋಡಿ, ಅಲ್ಲಿ ನಿಜವಾದ ತಯಾರಕನ ಹೆಸರು ಇರಲೇಬೇಕೆಂಬುದು ಕಾನೂನು. ‘ತಯಾರಿಸಿತು’ ಎಂಬ ಕ್ರಿಯಾಪದ ಆ ಚೀಟಿಯಲ್ಲಿರುವ ಹೆಸರಿಗೆ ಸೇರಬೇಕು, ‘ಮಾರಿತು’ ಬಿಲ್ಲೆಯ ಹೆಸರಿಗೆ.

ಎರಡನೆಯ ಉತ್ತರ

‘ಬಿಲ್ಲೆ ಬದಲು’ ಮನಸ್ಸಿಗೆ ಹಿಡಿಸಿತು. ‘ವಿತರಣೆ ಒಪ್ಪಂದ’ಕ್ಕೂ ತಕರಾರಿಲ್ಲ. ‘ದತ್ತು ಆಮದು’ ಮಾತ್ರ ನಿಲ್ಲುವುದಿಲ್ಲ, ಕಾರಣ ಹೇಳುತ್ತೇನೆ.

ದತ್ತು ಎಂದರೆ ಹೆಸರು ಬದಲಾಗಬೇಕು. ಆದರೆ ಇಂಗ್ಲಿಷಿನವರು ಹೆಸರು ಬದಲಾಗದ ಕಾರುಗಳನ್ನೂ ಕ್ಯಾಪ್ಟಿವ್ ಅನ್ನುತ್ತಾರೆ. 1950ರ ದಶಕದ ಕೊನೆಯಿಂದ ಜನರಲ್ ಮೋಟಾರ್ಸಿನ ಬ್ಯೂಕ್ ಡೀಲರುಗಳು ಮಾರಿದ ಜರ್ಮನಿಯ ಓಪೆಲ್ ಓಪೆಲ್ಲಾಗಿಯೇ ಉಳಿಯಿತು. ಅದೇ ಕಂಪನಿಯ ಪಾಂಟಿಯಾಕ್ ಡೀಲರುಗಳಲ್ಲಿ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕೂಡ ಹಾಗೇ. 1970ರಲ್ಲಿ ಫೋರ್ಡಿನ ಲಿಂಕನ್-ಮರ್ಕ್ಯುರಿ ಡೀಲರುಗಳಿಗೆ ಜರ್ಮನಿಯಿಂದ ಬಂದ ಕ್ಯಾಪ್ರಿಯ ಮೇಲೆ ಮರ್ಕ್ಯುರಿ ಬಿಲ್ಲೆ ಇರಲಿಲ್ಲ. 1985ರಲ್ಲಿ ಫೋರ್ಡ್ ಜರ್ಮನಿಯಲ್ಲಿ ಮಾಡಿಸಿದ ಕಾರಿಗೆ ‘ಮರ್ಕುರ್’ ಎಂಬ ಮೂರನೆಯ ಹೆಸರನ್ನೇ ಹುಟ್ಟಿಸಿತು, 1989ಕ್ಕೆ ಅದು ಮುಗಿಯಿತು. ಇವೆಲ್ಲ ಒಂದೇ ಪದದ ಕೆಳಗೆ ಬರಬೇಕಾದರೆ ಹೆಸರು ಒರೆಗಲ್ಲಾಗಲಾರದು. ಕಾರು ತರಿಸಿ ತನ್ನ ಸಾಲಿನಲ್ಲಿ ನಿಲ್ಲಿಸಿಕೊಂಡವನು ಊರಿನ ತಯಾರಕನೇ ಎಂಬುದೇ ಒರೆಗಲ್ಲು. ಇನ್ನೊಂದು ತೊಡಕು: ದತ್ತು ಹೋದ ಮಗು ಹಿಂದಿರುಗುವುದಿಲ್ಲ. ಮಿತ್ಸುಬಿಷಿ 1982ರಲ್ಲಿ ಅಮೆರಿಕದಲ್ಲಿ ತನ್ನದೇ ಹೆಸರಿನಲ್ಲಿ ಅಂಗಡಿ ತೆರೆದು, ಕ್ರೈಸ್ಲರಿಗೂ ಕಾರು ಕೊಡುತ್ತಲೇ ಇತ್ತು. ಇಸುಜು ಕೂಡ 1981ರಿಂದ ಅದೇ ದಾರಿ ಹಿಡಿಯಿತು.

ನನ್ನ ಆಯ್ಕೆ ‘ಬಳಗದ ಆಮದು’. ಬಳಗದಲ್ಲಿ ಮಕ್ಕಳೂ ಇರುತ್ತಾರೆ, ನೆಂಟರೂ ಇರುತ್ತಾರೆ. ಓಪೆಲ್ ಜನರಲ್ ಮೋಟಾರ್ಸಿನ ಸ್ವಂತ ಮಗು. ಸುಜುಕಿ 1981ರಲ್ಲಿ ಶೇ 5.3ರ ಷೇರಿನಿಂದ ಆದ ನೆಂಟ. ಅಲ್ಲಿಂದ ಬಂದ ಕಲ್ಟಸ್ ಕಾರೇ ಷೆವರ್ಲೆ ಸ್ಪ್ರಿಂಟ್. ಅದರ ಮುಂದಿನ ತಲೆಮಾರು 1989ರಲ್ಲಿ ‘ಜಿಯೊ ಮೆಟ್ರೊ’. ಅದೇ ತಲೆಮಾರಿನ ಸೆಡಾನ್ 1990ರಲ್ಲಿ ನಮ್ಮಲ್ಲಿ ‘ಮಾರುತಿ 1000’ ಆಯಿತು. ಕನ್ನಡ ಓದುಗರಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಆದರೆ ಕಾನೂನಿನ ಮಾತು ಬಂದಾಗ ಎಚ್ಚರ ಬೇಕು. 1975ರ ಇಂಧನ ಕಾನೂನು ಪ್ರತಿ ಕಂಪನಿಯ ಕಾರುಗಳ ಸರಾಸರಿ ಮೈಲೇಜಿಗೆ ಗುರಿ ಇಟ್ಟಿತು: 1978ರ ಮಾದರಿಗೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5. ದೊಡ್ಡ ಕಾರು ಇಲ್ಲಿ ಮಾಡಿ, ಚಿಕ್ಕದನ್ನು ಹೊರಗಿನಿಂದ ತಂದು ಸರಾಸರಿ ತೂಗಿಸಿಬಿಟ್ಟರೆ ಊರಿನ ಕಾರ್ಮಿಕರ ಗತಿ ಏನು ಎಂಬ ಆತಂಕದಿಂದ, ದೇಶಿ ಮತ್ತು ಆಮದು ಎಂದು ಎರಡು ರಾಶಿ ಮಾಡಿ ಬೇರೆ ಬೇರೆ ಲೆಕ್ಕ ಹಾಕಿಸಿದರು. ಆಗ ಅಲ್ಲಿ ‘ದೇಶಿ’ ಎಂದರೆ ಬೆಲೆಯ ಶೇ 75ರಷ್ಟಾದರೂ ಅಮೆರಿಕ ಅಥವಾ ಕೆನಡಾದ ದುಡಿಮೆ ಇರಬೇಕಿತ್ತು. ಫೋರ್ಡ್ 1992ರ ಮಾದರಿಯಲ್ಲಿ ಕ್ರೌನ್ ವಿಕ್ಟೋರಿಯಾ ಎಂಬ ಭಾರಿ ಕಾರಿನ ಹೊರದೇಶದ ಬಿಡಿಭಾಗಗಳನ್ನು ಹೆಚ್ಚಿಸಿ ಶೇ 75ರ ಕೆಳಗಿಳಿಸಿತು. ಅಮೆರಿಕದ ಪೊಲೀಸರು ಓಡಿಸುತ್ತಿದ್ದ ಆ ಕಾರು ಲೆಕ್ಕದಲ್ಲಿ ‘ಆಮದು’ ರಾಶಿಗೆ ಹೋಗಿ, ದೇಶಿ ರಾಶಿಯ ಸರಾಸರಿ ಹಗುರಾಯಿತು. ಇಂಥ ಕಡೆ ಬರಿಯ ‘ಆಮದು’ ಎಂದು ಬರೆಯದೆ ‘ಇಂಧನ ಲೆಕ್ಕಕ್ಕೆ ಆಮದು’ ಎಂದೇ ಬರೆಯಿರಿ.

ನಮ್ಮ ಪತ್ರಿಕೆಗಳಿಗೂ ಈ ಪದಗಳು ಇಂದೇ ಬೇಕಾಗಿವೆ. 2019ರ ಟೊಯೊಟಾ ಗ್ಲಾಂಜಾ ಮಾರುತಿ ಬಲೆನೊ ಕಾರಿನ ಬಿಲ್ಲೆ ಬದಲು. 2022ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಹೊರಬಂದವು. ಆಗ ‘ಮಾರುತಿ ತಯಾರಿಸಿದ ಗ್ರ್ಯಾಂಡ್ ವಿಟಾರಾ’ ಎಂದು ಬರೆದಿದ್ದರೆ ತಪ್ಪು, ‘ಬಿಡದಿಯಲ್ಲಿ ತಯಾರಾದ ಮಾರುತಿ’ ಎಂಬುದು ಸರಿ. ಇನ್ನು ಹಿಂದಕ್ಕೆ ಹೋದರೆ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕ್ರೈಸ್ಲರ್ ಜೊತೆಗಿನ ಒಪ್ಪಂದದಡಿ ಜೋಡಿಸಿದ ಡಾಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಎರಡೂ ಪ್ಲಿಮತ್ ಒಡಲಿಗೆ ಬೇರೆ ಬಿಲ್ಲೆ ತೊಡಿಸಿದವೇ. ಟಾಟಾ ಡೀಲರುಗಳು 2006ರಿಂದ ಕೆಲವು ವರ್ಷ ಫಿಯೆಟ್ ಕಾರು ಮಾರಿದ್ದು ಮಾತ್ರ ಬೇರೆ ಜಾತಿ. ಹೆಸರು ಫಿಯೆಟ್ಟಿನದೇ ಆಗಿದ್ದರಿಂದ ಅದು ಬಿಲ್ಲೆ ಬದಲಲ್ಲ, ವಿತರಣೆ ಒಪ್ಪಂದ.

ಮೊದಲ ಉತ್ತರ ಬರೆದವರಿಂದ

ಕ್ಯಾಪ್ರಿಯ ಉದಾಹರಣೆಗೆ ಉತ್ತರವಿಲ್ಲ. ‘ದತ್ತು’ ಹಿಂದಕ್ಕೆ ತೆಗೆದುಕೊಂಡೆ, ‘ಬಳಗದ ಆಮದು’ ಇರಲಿ. ಮೊದಲ ಸಲ ಬಳಸುವಾಗ ಒಂದು ಸಾಲಿನ ವಿವರಣೆ ಕೊಟ್ಟುಬಿಡಿ. ಕರಡಿನ ವಾಕ್ಯವನ್ನು ಹೀಗೆ ತಿದ್ದಬಹುದು:

‘1971ರಲ್ಲಿ ಕ್ರೈಸ್ಲರ್, ಮಿತ್ಸುಬಿಷಿ ಮೋಟಾರ್ಸಿನ ಶೇ 15ರಷ್ಟು ಷೇರು ಕೊಂಡಿತು. ಆ ಕಂಪನಿ ಜಪಾನಿನಲ್ಲಿ ತಯಾರಿಸಿದ ಗ್ಯಾಲಂಟ್ ಕಾರನ್ನು ಬಿಲ್ಲೆ ಬದಲಿಸಿ, ‘ಡಾಜ್ ಕೋಲ್ಟ್’ ಎಂಬ ಹೆಸರಿನಲ್ಲಿ ತನ್ನ ಡಾಜ್ ಡೀಲರುಗಳಿಂದ ಮಾರಿಸಿತು. ಊರಿನ ತಯಾರಕನೇ ತರಿಸಿ ಮಾರುವ ಇಂಥ ಕಾರುಗಳಿಗೆ ಬಳಗದ ಆಮದು ಎಂದು ಹೆಸರು.’

ಒಂದು ವಾಕ್ಯ ಮೂರಾಯಿತು, ಆದರೆ ಯಾರು ಕೊಂಡರು, ಯಾರು ತಯಾರಿಸಿದರು, ಯಾರು ಮಾರಿದರು ಎಂಬುದು ಬೇರೆಬೇರೆಯಾಗಿ ನಿಂತಿದೆ.