ಎಸೆಯುವಾಗಲೇ ಗಾಳದಿಂದ ತಾರ್ಲೆ ಕಳಚಿ ಬೀಳ್ತಿದೆ, ಏನ್ ಮಾಡೋದು?

ಹುಬ್ಬಳ್ಳಿಯಿಂದ:
ನಮಸ್ಕಾರ್ರೀ. ರಜೆ ಸಿಕ್ಕಾಗ ಗೆಳೆಯರ ಜೊತೆ ಅಂಕೋಲಾ, ಕಾರವಾರದ ಕಡೆ ಗಾಳ ಹಾಕೋಕೆ ಹೋಗುತ್ತೇನೆ. ಗಾಳಕ್ಕೆ ಚುಚ್ಚೋ ಎರೆಗೆ ಅಂತ ಇಲ್ಲೇ ಮಾರ್ಕೆಟ್‌ನಲ್ಲಿ ತಾರ್ಲೆ (ಬೂತಾಯಿ) ಮೀನು ತಗೊಂಡು, ತೊಳೆದು, ಎಲ್ಲಾ ಒಂದೇ ಚೀಲಕ್ಕೆ ತುಂಬಿ ಫ್ರೀಜರ್‌ನಲ್ಲಿ ಇಡುತ್ತೇನೆ. ಅರಬೈಲ್ ಘಟ್ಟ ಇಳಿದು ಸಮುದ್ರ ಮುಟ್ಟುವಷ್ಟರಲ್ಲಿ ಹೊಟ್ಟೆ ಒಡೆದು ಮೀನು ಮೆತ್ತಗಾಗಿರುತ್ತದೆ. ಜೋರಾಗಿ ಎಸೆದರೆ ಗಾಳ ಒಂದು ಕಡೆ, ಎರೆ ಒಂದು ಕಡೆ. ಫ್ರೀಜರ್ ಸರಿ ಇಲ್ವಾ?

ಧಾರವಾಡದಿಂದ:
ಫ್ರೀಜರ್ ತಪ್ಪಲ್ಲ ಬಿಡ್ರಿ. ಮೈನಸ್ 18 ಡಿಗ್ರಿ ಇದ್ದರೂ ಮನೆ ಫ್ರೀಜರ್‌ನಲ್ಲಿ ಮೀನು ಗಟ್ಟಿಯಾಗೋದು ನಿಧಾನ, ಅದರಲ್ಲೂ ಒಂದೇ ಚೀಲದಲ್ಲಿ ತುರುಕಿದರೆ ನಡುವಿನದು ಇನ್ನೂ ತಡ. ನಿಧಾನವಾದಷ್ಟೂ ಒಳಗಿನ ನೀರು ದೊಡ್ಡ ಹರಳಾಗಿ ಮಾಂಸವನ್ನು ಸೀಳುತ್ತದೆ. ಕರಗಿದಾಗ ನೀರು ಸೋರಿ ಮೀನು ಪಿಚಪಿಚ ಅನ್ನುತ್ತದೆ.

ಮೊದಲು ಉಪ್ಪು ಹಾಕಿ, ಆಮೇಲೆ ಫ್ರೀಜರ್. ತೊಳೆದ ಮೀನನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಜಾಲರಿ ಬುಟ್ಟಿಯಲ್ಲಿ ಹರಳುಪ್ಪು ಒಂದು ಪದರ, ಮೀನು ಒಂದು ಪದರ ಹಾಕಿ, ಕೆಳಗೆ ಪಾತ್ರೆ ಇಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಉಪ್ಪು ಮೀನಿನ ನೀರನ್ನು ಎಳೆದುಕೊಂಡು ಮಾಂಸ ಬಿಗಿಯಾಗುತ್ತದೆ. ಪಾತ್ರೆಯಲ್ಲಿ ಇಳಿದ ನೀರು ಚೆಲ್ಲಿ. ಆಮೇಲೆ ಒಂದು ಸಲಕ್ಕೆ ಬೇಕಾಗುವಷ್ಟೇ ಮೀನಿನ ಚಪ್ಪಟೆ ಪ್ಯಾಕೆಟ್ ಮಾಡಿ, ಗಾಳಿ ಪೂರ್ತಿ ಒತ್ತಿ ತೆಗೆಯಿರಿ. ತಾರ್ಲೆಯಲ್ಲಿ ಎಣ್ಣೆ ಜಾಸ್ತಿ, ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ.

ಇನ್ನೊಂದು, ಹೊಟ್ಟೆ ಒಡೆದ ತಾರ್ಲೆಯನ್ನು ಯಾವ ಉಪ್ಪೂ ಉಳಿಸಲ್ಲ. ನಮ್ಮ ಊರಿಗೆ ಬರುವಷ್ಟರಲ್ಲಿ ಅದು ಐಸ್‌ನಲ್ಲಿ ದೂರ ಬಂದಿರುತ್ತದೆ, ಹೊಟ್ಟೆಯೇ ಮೊದಲು ಕೆಡೋದು. ಕಣ್ಣು ಹೊಳೀತಿರಬೇಕು, ಕಿವಿರು ಕೆಂಪಿರಬೇಕು. ಅಂಥದ್ದು ಸಿಗದಿದ್ದರೆ ಬಂಗಡೆ ತಗೊಳ್ಳಿ, ಚರ್ಮ ಬಿಡಿಸದೆ ಉದ್ದಕ್ಕೆ ಸೀಳಿ. ಗಾಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಹುಬ್ಬಳ್ಳಿಯಿಂದ:
ದಾರಿಯಲ್ಲಿ ಐಸ್ ಕರಗಿ ಮೀನೆಲ್ಲ ನೀರಲ್ಲಿ ತೇಲ್ತಿರುತ್ತೆ ಸರ್. ಉಳಿದಿದ್ದನ್ನ ವಾಪಸ್ ಫ್ರೀಜರ್‌ಗೆ ಹಾಕಬಹುದಾ?

ಧಾರವಾಡದಿಂದ:
ಆ ನೀರೇ ಅರ್ಧ ಕೆಡಿಸುತ್ತದೆ. ಬಾಯಿ ಕಟ್ಟಿದ ಪ್ಯಾಕೆಟ್ ಐಸ್ ಮೇಲಿಡಿ, ಡಬ್ಬಿಯ ನೀರು ಆಗಾಗ ಬಸಿಯಿರಿ. ಎಸೆಯುವ ಮುಂಚೆ ಸಣ್ಣ ಎಲಾಸ್ಟಿಕ್ ದಾರದಿಂದ ಮೀನನ್ನು ಗಾಳಕ್ಕೆ ಸುತ್ತಿ, ಗಂಟು ಬೇಕಿಲ್ಲ. ಉಪ್ಪು ಹಾಕದ್ದು ಕರಗಿದರೆ ಮತ್ತೆ ಫ್ರೀಜರ್‌ಗೆ ಬೇಡ. ಉಪ್ಪು ಚೆನ್ನಾಗಿ ಹಿಡಿದದ್ದು ತಣ್ಣಗೇ ಇದ್ದರೆ ಇನ್ನೊಂದು ಹಿಡಿ ಉಪ್ಪು ಹಾಕಿ ಇಡಬಹುದು. ಆದರೆ ಎರೆಗೆ ಮಾತ್ರ, ಸಾರಿಗೆ ಬಳಸಬೇಡಿ. ಮನೆಯವರಿಗೆ ಗೊತ್ತಾಗೋ ಹಾಗೆ ಪ್ಯಾಕೆಟ್ ಮೇಲೆ ಬರೆದಿಡಿ.